ಹಗ್ಗದ ಎರಡು ತುದಿ

ಹಲವರು ಕೂಡಿ ದುಡಿಯುವ ಸಂಸ್ಥೆಗಳಲ್ಲಿ ಕಲಹಕ್ಕೆ ಕೆಟ್ಟ ಉದ್ದೇಶವೇ ಕಾರಣವಾಗಬೇಕೆಂದಿಲ್ಲ. ಒಂದು ಒಳಿತು ಇನ್ನೊಂದು ಒಳಿತಿಗೆ ಎದುರಾಗಿ ನಿಂತರೂ ಸಾಕು.

ಒಂದು ಬಸ್ ಡಿಪೊವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಟ್ರಿಪ್ಪೂ ತಪ್ಪಬಾರದೆಂಬುದು ಸಂಚಾರ ವಿಭಾಗದವರ ಕಾಳಜಿ. ದೋಷವಿರುವ ವಾಹನ ಗೇಟು ದಾಟಬಾರದೆಂಬುದು ಮೆಕ್ಯಾನಿಕ್‌ಗಳ ಹಟ. ರಾತ್ರಿ ಪಾಳಿ ಮುಗಿಸಿದ ಚಾಲಕನಿಗೆ ನಿದ್ರೆ ಬೇಕು. ಬಿಡಿಭಾಗಗಳ ಖರ್ಚು ಮಿತಿ ಮೀರಬಾರದೆಂಬುದು ಲೆಕ್ಕಪತ್ರ ಶಾಖೆಯ ಎಚ್ಚರ. ನಾಲ್ಕೂ ನ್ಯಾಯವಾದ ಮಾತುಗಳೇ. ಒಬ್ಬರ ಕೆಲಸ ಮುಗಿಯದೆ ಇನ್ನೊಬ್ಬರದು ಮುಂದುವರಿಯದು. ಆದರೂ ಬೆಳಗಿನ ಜಾವ ಒಂದೇ ಬಸ್ಸಿನ ಮುಂದೆ ನಾಲ್ವರೂ ವಾದಕ್ಕಿಳಿಯುತ್ತಾರೆ. ಅತ್ತ ದೂರದ ಹಳ್ಳಿಯ ನಿಲ್ದಾಣದಲ್ಲಿ ಶಾಲೆಯ ಮಕ್ಕಳು ಕಾಯುತ್ತಿರುತ್ತಾರೆ. ಮೊದಲ ಅವಧಿಯಲ್ಲಿ ಖಾಲಿ ಬೆಂಚುಗಳನ್ನು ಕಂಡ ಉಪಾಧ್ಯಾಯರಿಗೆ ಈ ವಾದದ ಬೆಲೆ ಗೊತ್ತು.

ವಸ್ತುವಿನ ಒಂದು ಮುಖವನ್ನು ಹಿಡಿದು ನೋಡುವ ದೃಷ್ಟಿಗೆ ಜೈನ ದರ್ಶನದಲ್ಲಿ ‘ನಯ’ವೆಂದು ಹೆಸರು. ಇತರ ಮುಖಗಳನ್ನು ಅಲ್ಲಗಳೆಯದಿದ್ದರೆ ಅದು ಸುನಯ. ತನ್ನದೊಂದೇ ಸತ್ಯವೆಂದು ಸಾಧಿಸಿದರೆ ದುರ್ನಯ. ಬಿಡಿಬಿಡಿಯಾಗಿ ಬಿದ್ದ ರತ್ನಗಳು ಎಷ್ಟೇ ಬೆಲೆಬಾಳಿದರೂ ಹಾರವೆನಿಸಿಕೊಳ್ಳುವುದಿಲ್ಲ, ದಾರದಲ್ಲಿ ಪೋಣಿಸಿದಾಗಲೇ ಆ ಹೆಸರು ಪಡೆಯುತ್ತವೆ ಎಂಬ ದೃಷ್ಟಾಂತದಿಂದ ಸಿದ್ಧಸೇನ ಆಚಾರ್ಯರು ‘ಸನ್ಮತಿ’ ಗ್ರಂಥದಲ್ಲಿ ನಯಗಳ ಸಂಬಂಧವನ್ನು ತಿಳಿಸಿದ್ದಾರೆ. ಡಿಪೊದ ನಾಲ್ಕು ವಿಭಾಗಗಳೂ ಅಂಥ ರತ್ನಗಳೇ.

ಆದರೆ ‘ಎಲ್ಲರದೂ ಸರಿ’ ಎಂದು ಕೈತೊಳೆದುಕೊಳ್ಳುವುದು ಅನೇಕಾಂತವಲ್ಲ. ಬಸ್ಸು ಹೊರಡಬೇಕೋ ನಿಲ್ಲಬೇಕೋ ಎಂಬುದನ್ನು ಯಾರಾದರೂ ನಿರ್ಧರಿಸಲೇಬೇಕು. ಇಲ್ಲಿ ನೆರವಿಗೆ ಬರುವುದು ಮುಖ್ಯ ಮತ್ತು ಗೌಣವೆಂಬ ವಿವೇಕ. ಈ ಹೊತ್ತಿಗೆ ಒಂದನ್ನು ಮುಖ್ಯವಾಗಿಸಿದರೆ ಉಳಿದುದು ಗೌಣವಾಗುತ್ತದೆ, ಇಲ್ಲವಾಗುವುದಿಲ್ಲ. ಅಮೃತಚಂದ್ರ ಆಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದ ಕೊನೆಯಲ್ಲಿ ಮೊಸರು ಕಡೆಯುವ ಗೊಲ್ಲತಿಯ ಉಪಮೆಯನ್ನು ತಂದಿರುವುದು ಇದನ್ನು ತಿಳಿಸಲೆಂದೇ. ಆಕೆ ಹಗ್ಗದ ಒಂದು ತುದಿಯನ್ನು ಎಳೆಯುವಾಗ ಇನ್ನೊಂದನ್ನು ಸಡಿಲಿಸುತ್ತಾಳೆ, ಕೈಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ಎಳೆದರೆ ಕಡೆಗೋಲು ತಿರುಗದು. ಒಂದನ್ನು ಬಿಟ್ಟೇಬಿಟ್ಟರೆ ಹಗ್ಗವೇ ಜಾರಿಹೋಗುತ್ತದೆ. ಎರಡೂ ಸಂದರ್ಭಗಳಲ್ಲಿ ಬೆಣ್ಣೆ ದೊರೆಯದು.

ನಮ್ಮ ಕಚೇರಿಗಳಲ್ಲಿ ನಡೆಯುತ್ತಿರುವುದು ಈ ಎರಡು ತಪ್ಪುಗಳೇ. ‘ಎಲ್ಲವೂ ತುರ್ತು, ಎಲ್ಲವೂ ಇಂದೇ ಆಗಬೇಕು’ ಎನ್ನುವ ಅಧಿಕಾರಿ ಎರಡು ತುದಿಗಳನ್ನೂ ಒಟ್ಟಿಗೆ ಎಳೆಯುತ್ತಾನೆ. ಸದಾ ಒಂದೇ ವಿಭಾಗದ ಮಾತನ್ನು ಗೆಲ್ಲಿಸುವವನು ಒಂದು ತುದಿಯನ್ನು ಕೈಬಿಡುತ್ತಾನೆ. ಸೋತವರು ಆ ದಿನ ಸುಮ್ಮನಿದ್ದರೂ ಮುಂದಿನ ಸಲ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ.

ಯಾವುದು ಮುಖ್ಯವೆಂದು ನಿರ್ಣಯಿಸಲು ನಮ್ಮ ಆಚಾರ್ಯರು ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಾಲ್ಕು ಅಪೇಕ್ಷೆಗಳನ್ನು ಕೊಟ್ಟಿದ್ದಾರೆ. ದೋಷ ಯಾವುದರದು, ಹರಿದ ಸೀಟಿನದೋ ಬ್ರೇಕಿನದೋ? ಬಸ್ಸು ಹೋಗಬೇಕಾದುದು ಬಯಲಿನ ದಾರಿಯಲ್ಲೋ ಘಾಟಿಯಲ್ಲೋ? ಇದು ಪರೀಕ್ಷೆಯ ಬೆಳಗೋ ಜನವಿರಳವಾದ ಮಧ್ಯಾಹ್ನವೋ? ಚಾಲಕನ ಸ್ಥಿತಿ ಹೇಗಿದೆ, ದಣಿದಿದ್ದಾನೋ ಚೇತರಿಸಿಕೊಂಡಿದ್ದಾನೋ? ಹೀಗೆ ಕೇಳುತ್ತ ಹೋದರೆ ‘ನಮ್ಮ ವಿಭಾಗ, ನಿಮ್ಮ ವಿಭಾಗ’ ಎಂಬ ಮಾತು ಹಿಂದೆ ಸರಿದು ಎದುರಿಗಿರುವ ಕೆಲಸ ಸ್ಪಷ್ಟವಾಗುತ್ತದೆ. ಹರಿದ ಸೀಟು ಸಂಜೆಯವರೆಗೆ ಕಾಯಬಹುದು. ಬ್ರೇಕು ಕಾಯಲಾರದು, ನಿದ್ದೆಗೆಟ್ಟ ಚಾಲಕನ ಕಣ್ಣೂ ಕಾಯಲಾರದು. ಗೌಣವಾಗಿಸುವುದಕ್ಕೂ ಒಂದು ಎಲ್ಲೆಯುಂಟು, ಆ ಎಲ್ಲೆಯೇ ಅಹಿಂಸೆ. ಜೀವಹಾನಿಯ ಸಂಭವವಿರುವಲ್ಲಿ ವೇಳಾಪಟ್ಟಿಯಾಗಲಿ ಖರ್ಚಿನ ಮಿತಿಯಾಗಲಿ ಮುಖ್ಯವಾಗಕೂಡದು.

ನಿರ್ಣಯವಾದ ಮೇಲೆ ಇನ್ನೊಂದು ಕರ್ತವ್ಯ ಉಳಿಯುತ್ತದೆ. ಯಾರ ಬೇಡಿಕೆ ಗೌಣವಾಯಿತೋ ಅವರಿಗೆ ಅದರ ಕಾರಣವನ್ನು ಹೇಳಬೇಕು, ಅವರ ಸರದಿ ಯಾವಾಗ ಬರುವುದೆಂದೂ ತಿಳಿಸಬೇಕು. ‘ಆಮೇಲೆ ನೋಡೋಣ’ ಎಂಬುದು ಸಡಿಲಿಸುವಿಕೆಯಲ್ಲ, ಕೈಬಿಡುವಿಕೆ. ದಿನವನ್ನು ಗೊತ್ತುಪಡಿಸಿ ಆ ದಿನ ಮಾತನ್ನು ಉಳಿಸಿಕೊಂಡರೆ ಸಡಿಲವಾದ ತುದಿ ಮತ್ತೆ ಬಿಗಿಯಾಗುತ್ತದೆ.

ಬೇಡಿಕೆ ಇಡುವವರಿಗೂ ಒಂದು ವ್ರತವಿದೆ. ಹಣ, ಭೂಮಿಗಳಷ್ಟೇ ಅಲ್ಲ, ‘ನನ್ನ ಕೆಲಸವೇ ಮೊದಲು’ ಎಂಬ ಮಮಕಾರವೂ ಪರಿಗ್ರಹವೇ. ಶ್ರಾವಕನು ಸಂಪತ್ತಿಗೆ ಪರಿಮಾಣ ಹಾಕಿಕೊಳ್ಳುವಂತೆ ತನ್ನ ಬೇಡಿಕೆಗೂ ಮಿತಿ ಹಾಕಿಕೊಳ್ಳಬೇಕು. ವಾದದಲ್ಲಿ ಧ್ವನಿ ಏರತೊಡಗಿದಾಗ, ಏರುತ್ತಿರುವುದು ಸಂಸ್ಥೆಯ ಹಿತವೋ ಮಾನಕಷಾಯವೋ ಎಂದು ತನ್ನನ್ನೇ ಕೇಳಿಕೊಳ್ಳಬೇಕು.

ಪರಸ್ಪರ ಉಪಕಾರವನ್ನು ಜೀವಗಳ ಕಾರ್ಯವೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ತಿಳಿಸುತ್ತದೆ. ಈ ಮಾತನ್ನು ಬಸದಿಯಲ್ಲಿ ಕೇಳಿ ಅಲ್ಲಿಯೇ ಬಿಟ್ಟುಬರುವುದರಿಂದ ಪ್ರಯೋಜನವಿಲ್ಲ. ನಾಳೆ ಕಚೇರಿಯ ಸಭೆಯಲ್ಲಿ ನಮ್ಮ ಅಗತ್ಯವನ್ನು ಹೇಳುವ ಮೊದಲು, ಪಕ್ಕದ ವಿಭಾಗದವರ ಅಗತ್ಯವನ್ನು ಅವರು ಒಪ್ಪುವಂತೆ ಹೇಳಲು ನಮಗೆ ಸಾಧ್ಯವೇ ಎಂದು ಪರೀಕ್ಷಿಸಿಕೊಳ್ಳೋಣ. ಅನೇಕಾಂತದ ಸಾಧನೆಗೆ ಗೃಹಸ್ಥನು ಅಲ್ಲಿಂದಲೇ ತೊಡಗಬಹುದು.