ಕೋಲಾರದ ಕೆರೆಗೆ ಇಳಿದ ನೀರು: ಲೆಕ್ಕ ಇಡುವವರು ಯಾರು?

ಕೋಲಾರ: ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಜಿಲ್ಲೆಯ ಬಾಯಾರಿಕೆಗೆ ಯೋಜಕರು ಪರಿಹಾರ ಹುಡುಕಿದ್ದು ಹೊರಗೇ. 2014ರಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ಅಂದಾಜು ವೆಚ್ಚ 8,323 ಕೋಟಿ ರೂಪಾಯಿಯಿಂದ 23,251 ಕೋಟಿಗೆ ಏರಿತು. ಮೊದಲ ಹಂತಕ್ಕೆ ಚಾಲನೆ ದೊರೆತದ್ದು 2024ರ ಸೆಪ್ಟೆಂಬರ್‌ನಲ್ಲಿ. ಕೋಲಾರ ಅದರ ಕೊನೆಯ ತುದಿ.

ಅದಕ್ಕೂ ಮೊದಲೇ ಬಂದದ್ದು ಬೆಂಗಳೂರಿನ ಕೊಳಚೆ ನೀರು. ಎರಡು ಹಂತಗಳಲ್ಲಿ ಸಂಸ್ಕರಿಸಿದ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ 126 ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಮೊದಲ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯನ್ನು ಮುಟ್ಟಿತು. ಕುಡಿಯಲಿಕ್ಕಲ್ಲ, ಅಂತರ್ಜಲ ಮರುಪೂರಣಕ್ಕೆ. ಮೂರನೇ ಹಂತದ ಸಂಸ್ಕರಣೆ ಬೇಕೆಂಬ ವಾದ ನ್ಯಾಯಾಲಯದ ಮೆಟ್ಟಿಲೇರಿತು. 2019ರ ಜನವರಿಯಲ್ಲಿ ತಡೆ ನೀಡಿದ ಸುಪ್ರೀಂ ಕೋರ್ಟ್ ಕೆಲವೇ ತಿಂಗಳಲ್ಲಿ ಅದನ್ನು ತೆರವುಗೊಳಿಸಿತು.

ಗುಣಮಟ್ಟದ ಆತಂಕ ನ್ಯಾಯವಾದುದೇ. ಆದರೆ ಆ ಗದ್ದಲದಲ್ಲಿ, ಇಂಗಿದ ನೀರು ಯಾರ ಪಾಲು ಎಂಬ ಪ್ರಶ್ನೆ ಮರೆಯಾಯಿತು. ಕೆರೆಯ ಆಸುಪಾಸಿನಲ್ಲಿ ಆಳಕ್ಕೆ ಕೊರೆಸುವ ಶಕ್ತಿಯಿದ್ದವರು ಅದನ್ನು ಟೊಮೆಟೊ, ಹಿಪ್ಪುನೇರಳೆ ತೋಟಗಳಿಗೆ ಎತ್ತಬಲ್ಲರು. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಕೂಡ ಉಚಿತ. ಪಂಚಾಯಿತಿಯ ಕೊಳವೆಬಾವಿ ನಂಬಿರುವುದೂ ಅದೇ ಒರತೆಯನ್ನು.

ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು 1999ರ ಕಾಯ್ದೆಯೇ ಹೇಳುತ್ತದೆ. ಕೆರೆ ತುಂಬಿಸುವ ಯೋಜನೆಗೆ ಇದನ್ನು ಜೋಡಿಸುವುದು ಕಷ್ಟದ ಕೆಲಸವೇನಲ್ಲ. ಆದರೆ ಕೆರೆ ತುಂಬಿಸುವುದು ಸಣ್ಣ ನೀರಾವರಿ ಇಲಾಖೆ. ಹಳ್ಳಿಯ ನಲ್ಲಿಯ ಹೊಣೆ ಗ್ರಾಮೀಣ ಕುಡಿಯುವ ನೀರು ಇಲಾಖೆಯದು.