ಪರದೆಯೂ ಪ್ರಜಾರಾಜ್ಯವೂ

ಚಲಚ್ಚಿತ್ರವು ಕಾಲಹರಣದ ಸಾಧನವಷ್ಟೇ, ರಾಜ್ಯಭಾರಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಹೇಳುವ ಮಹನೀಯರು ನಮ್ಮಲ್ಲಿ ಅನೇಕರಿದ್ದಾರೆ. ಅಂಥವರು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಡೆಗೊಮ್ಮೆ ದೃಷ್ಟಿ ಹಾಯಿಸಬೇಕೆಂದು ವಿನಂತಿಸುತ್ತೇವೆ.

ಕೊಳಗದ ಅಳತೆಯಲ್ಲಿನ ಅನ್ಯಾಯವನ್ನು ಪ್ರತಿಭಟಿಸಿ ೧೯೫೧ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಮರುವರ್ಷ ಸಾಗರ-ಹೊಸನಗರದ ಮತದಾರರು ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಶಾಸನಸಭೆಗೆ ಕಳುಹಿಸಿದರು. ಮುಂದೆ ತೀರ್ಥಹಳ್ಳಿಯೂ ಅವರನ್ನೇ ಆರಿಸಿತು. ಅವರ ಬಾಳಿನ ಛಾಯೆಯುಳ್ಳ ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ಯು ೧೯೮೭ರಲ್ಲಿ ಚಿತ್ರವಾಯಿತು. ಹಾಸಿಗೆ ಹಿಡಿದ ನಾಯಕನೊಬ್ಬನು ಅಧಿಕಾರದ ಆಮಿಷವನ್ನೂ ತನ್ನ ಅಂತಃಕರಣವನ್ನೂ ತೂಗಿ ನೋಡುವ ಕಥೆಯದು. ಪ್ರತಿನಿಧಿಯ ಅಂತರಂಗವನ್ನು ಕಾಣಲು ಚುನಾವಣೆಯ ಸಭೆಯಲ್ಲಿ ಅವಕಾಶವಿಲ್ಲ. ಕಲ್ಪಿತ ಕಥೆಯು ಅದನ್ನು ಮತದಾರನಿಗೆ ಒದಗಿಸಿತು.

ಇನ್ನು ಶರಾವತಿಯ ಮಾತು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನಾಡಿಗೆ ಬೆಳಕು ಬಂದಿತು. ಸಾಗರ, ಹೊಸನಗರಗಳ ಎಷ್ಟೋ ಮನೆಗಳು ನೀರಿನ ಪಾಲಾದವು. ಮುಳುಗಡೆಯ ಸಂಸಾರವೊಂದರ ಕಥೆಯಾದ, ಸಾಗರದ ನಾ. ಡಿಸೋಜರ ‘ದ್ವೀಪ’ವನ್ನು ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದರು. ಅದಕ್ಕೆ ಸ್ವರ್ಣಕಮಲ ಲಭಿಸಿತು. ಮುಳುಗಡೆಯಾದ ಎಷ್ಟೋ ಕುಟುಂಬಗಳಿಗೆ ತಾವು ನೆಲಸಿದ ಹೊಸ ನೆಲದ ಹಕ್ಕುಪತ್ರ ಮಾತ್ರ ಇನ್ನೂ ಲಭಿಸಿಲ್ಲ. ಕಥೆಗೆ ಮರ್ಯಾದೆ, ಕಥೆಯ ಜನರಿಗೆ ಕಚೇರಿಯಿಂದ ಕಚೇರಿಗೆ ಅಲೆದಾಟ. ಇದಾವ ನ್ಯಾಯ?

ಇದು ಚಿತ್ರದ ದೋಷವೆಂದು ನಾವು ಹೇಳೆವು. ಪರದೆಯು ತೋರಿಸಬಲ್ಲದು, ಕೊಡಿಸಲಾರದು. ಕತ್ತಲೆಯಲ್ಲಿ ಕುಳಿತು ಕಣ್ಣೀರು ಸುರಿಸಿದವನು ಬೆಳಕಿಗೆ ಬಂದೊಡನೆ ಮರೆತರೆ ಆ ಕಣ್ಣೀರು ಅರ್ಜಿಯೂ ಆಗದು, ಮತವೂ ಆಗದು. ಒಬ್ಬನೇ ವೀರನು ಮೂರು ಗಂಟೆಯೊಳಗೆ ಸಕಲ ಅನ್ಯಾಯಗಳನ್ನೂ ಮುಷ್ಟಿಯಿಂದ ನೀಗುವ ಚಿತ್ರಗಳಾದರೋ, ಪ್ರಜೆಗೆ ಕೈಕಟ್ಟಿ ಕಾಯುವುದನ್ನೇ ಕಲಿಸುತ್ತವೆ. ಕಾಗೋಡಿನ ರೈತನು ಅಂತಹ ವೀರನಿಗಾಗಿ ಕಾಯಲಿಲ್ಲ. ತಾನೇ ಎದ್ದು ನಿಂತನು.

ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು ಈ ಮರ್ಮವನ್ನು ಬಲ್ಲವರಾಗಿದ್ದರು. ಅವರ ನೀನಾಸಂ ಸಂಸ್ಥೆಯು ಚಿತ್ರಸಮಾಜವನ್ನು ಕಟ್ಟಿ, ಲೋಕದ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರ ಮುಂದಿರಿಸಿ, ನೋಡಿದುದನ್ನು ವಿಚಾರಮಾಡುವ ಅಭ್ಯಾಸವನ್ನು ಬೆಳೆಸಿತು. ಚಿತ್ರವು ಮುಗಿದಲ್ಲಿ ಪ್ರಶ್ನೆಯು ಮೊದಲಾಗಬೇಕು. ಪ್ರಜಾರಾಜ್ಯದ ಪಾಠಶಾಲೆ ಅದೇ.

ನಮ್ಮ ಶಾಸಕರು ‘ದ್ವೀಪ’ವನ್ನೊಮ್ಮೆ ನೋಡಲಿ. ಹೊಗಳುವುದಕ್ಕೆ ಅವರು ಬಾಯಿ ತೆರೆದೊಡನೆ, ಹಕ್ಕುಪತ್ರವೆಲ್ಲಿ ಎಂದು ಮತದಾರರು ಕೇಳಲಿ.