ಉಪಕರಣದ ದಾನವೂ ಉಪಾಧ್ಯಾಯರ ಕಲಿಕೆಯೂ

ಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ದಾನವೆಂಬುದು ಹೊಸದಲ್ಲ. ಒಂದು ಕಾಲಕ್ಕೆ ಭಕ್ತರು ಪ್ರಸಾದ ನಿಲಯಕ್ಕೆ ಜೋಳದ ಚೀಲಗಳನ್ನು ಹೊತ್ತು ತಂದರು. ಮುಂದೆ ಕೊಠಡಿಗಳನ್ನು ಕಟ್ಟಿಸಿಕೊಟ್ಟರು. ಇಂದು ಗಣಕಯಂತ್ರ, ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡುಗಳನ್ನು ಕೊಡಿಸುತ್ತಿದ್ದಾರೆ. ದಾನದ ರೂಪ ಬದಲಾದರೂ ಅದರ ಹಿಂದಿನ ಸದ್ಭಾವನೆ ಬದಲಾಗಿಲ್ಲ. ಆದರೆ ಜೋಳಕ್ಕೂ ಯಂತ್ರಕ್ಕೂ ಒಂದು ಭೇದವುಂಟು. ಜೋಳ ಬಂದ ಮರುದಿನವೇ ರೊಟ್ಟಿಯಾಗಬಲ್ಲದು. ಏಕೆಂದರೆ ರೊಟ್ಟಿ ಬಡಿಯಬಲ್ಲ ಕೈ ಅಡುಗೆಮನೆಯಲ್ಲಿ ಮೊದಲೇ ಇರುತ್ತದೆ. ಯಂತ್ರವು ಪಾಠವಾಗಬೇಕಾದರೆ ಅದನ್ನು ಪಾಠವಾಗಿಸಬಲ್ಲ ಉಪಾಧ್ಯಾಯರು ಸಿದ್ಧರಾಗಬೇಕು. ಆ ಸಿದ್ಧತೆಗೆ ಬೇಕಾದ ವೇಳೆಯನ್ನು ಒದಗಿಸುವ ವಿಷಯದಲ್ಲಿ ಆಡಳಿತ ಮಂಡಳಿಗಳೂ ದಾನಿಗಳೂ ಇನ್ನೂ ಸಾಕಷ್ಟು ಯೋಚಿಸಿಲ್ಲವೆಂದು ವಿನಯಪೂರ್ವಕವಾಗಿ ಹೇಳಬೇಕಾಗಿದೆ.

ಶಾಲೆಗೆ ಯಂತ್ರ ಬಂದುದು ಇದೇ ಮೊದಲಲ್ಲ. 1975ರ ಆಗಸ್ಟ್ ತಿಂಗಳಿಂದ ಒಂದು ವರ್ಷಕಾಲ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಮುಟ್ಟಿತು. ಅಂದಿನ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಮಕ್ಕಳಿಗೆ ಪಾಠಗಳಷ್ಟೇ ಅಲ್ಲ, ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನದ ತರಬೇತಿಯೂ ಅದರ ಮೂಲಕ ನಡೆಯಿತು. 1984ರಲ್ಲಿ ‘ಕ್ಲಾಸ್’ ಯೋಜನೆಯಡಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕಾಗಿಯೇ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಲಾಯಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. ಇವೆಲ್ಲ ಶ್ಲಾಘನೀಯ ಪ್ರಯತ್ನಗಳೇ. ಆದರೆ ಉಪಗ್ರಹಕ್ಕೂ ಗಣಕಯಂತ್ರಕ್ಕೂ ಆಯುಸ್ಸಿನ ಮಿತಿಯುಂಟು. ಅವು ಹೋದ ಮೇಲೆ ಶಾಲೆಯಲ್ಲಿ ಉಳಿಯುವುದು ಉಪಾಧ್ಯಾಯರು ಮೈಗೂಡಿಸಿಕೊಂಡಷ್ಟು ಮಾತ್ರ.

ಶಿಕ್ಷಕರ ಕಲಿಕೆಗೆ ಇಂದು ಅವಕಾಶಗಳಿಲ್ಲವೆಂದಲ್ಲ. 2017ರಲ್ಲಿ ‘ದೀಕ್ಷಾ’ ಜಾಲತಾಣ ಆರಂಭವಾಯಿತು. ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾದ ಕ್ಯೂಆರ್ ಸಂಕೇತಕ್ಕೆ ಮೊಬೈಲ್ ಹಿಡಿದರೆ ಪಾಠಕ್ಕೆ ಪೂರಕವಾದ ಸಾಮಗ್ರಿ ತೆರೆದುಕೊಳ್ಳುತ್ತದೆ. 2019ರಲ್ಲಿ ಪ್ರಾರಂಭವಾದ ‘ನಿಷ್ಠಾ’ ತರಬೇತಿಯು ಮರುವರ್ಷ ಅದೇ ತಾಣಕ್ಕೆ ಬಂದಿತು. ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಕಲಿಕೆಯಲ್ಲಿ ಪಾಲ್ಗೊಳ್ಳಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಆದರೆ ಗಂಟೆಗಳನ್ನು ಎಣಿಸುವುದು ಸುಲಭ, ಕಲಿಕೆಯನ್ನು ಅಳೆಯುವುದು ಕಷ್ಟ. ಹಗಲೆಲ್ಲ ಪಾಠ ಹೇಳಿ, ಮನೆಗೆಲಸ ಮುಗಿಸಿ, ರಾತ್ರಿ ಹತ್ತು ಗಂಟೆಗೆ ಮೊಬೈಲಿನಲ್ಲಿ ದೃಶ್ಯಪಾಠವನ್ನು ಓಡಬಿಟ್ಟು, ಕೊನೆಯ ಗುಂಡಿಯೊತ್ತಿ ಪ್ರಮಾಣಪತ್ರ ಪಡೆಯುವ ಶಿಕ್ಷಕಿಯನ್ನು ದೂಷಿಸುವುದು ನ್ಯಾಯವಲ್ಲ. ಕಲಿಯುವುದಕ್ಕೆ ಅವರಿಗೆ ಹಗಲನ್ನು ಕೊಟ್ಟವರೇ ಇಲ್ಲ.

ಹಾಗಾದರೆ ನಿಜವಾದ ಕಲಿಕೆ ಯಾವುದು? ಮೂರನೆಯ ತರಗತಿಯ ಕನ್ನಡ ಓದನ್ನೇ ತೆಗೆದುಕೊಳ್ಳಬಹುದು. ನಲವತ್ತು ಮಕ್ಕಳಿರುವ ತರಗತಿಯಲ್ಲಿ ನಲವತ್ತು ನಿಮಿಷದ ಅವಧಿಗೆ ಮಗುವೊಂದಕ್ಕೆ ಒಂದೇ ನಿಮಿಷ ದೊರೆಯುತ್ತದೆ. ಪ್ರತಿ ಮಗುವೂ ಐದು ಸಾಲು ಓದಿದ್ದನ್ನು ಸರದಿಯಂತೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಬಿಡುವಿನಲ್ಲಿ ಕೇಳಿದರೆ, ಯಾವ ಮಗು ಒತ್ತಕ್ಷರವನ್ನು ನುಂಗುತ್ತದೆ, ಯಾವುದು ಮಹಾಪ್ರಾಣವನ್ನು ಬಿಡುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ತನ್ನ ಧ್ವನಿಯನ್ನು ತಾನೇ ಕೇಳಿದ ಮಗು ಅನೇಕ ವೇಳೆ ತಾನೇ ತಿದ್ದಿಕೊಳ್ಳುತ್ತದೆ. ಇದಕ್ಕೆ ಲಕ್ಷಾಂತರ ರೂಪಾಯಿಯ ಫಲಕ ಬೇಕಿಲ್ಲ. ಅದೇ ಉಪಾಧ್ಯಾಯರು ಭಿನ್ನರಾಶಿಯ ಪಾಠದಲ್ಲಿ ಪರದೆಯ ಮೇಲಿನ ರೊಟ್ಟಿಯ ಚಿತ್ರವನ್ನು ಬಿಟ್ಟು, ಮಕ್ಕಳ ಕೈಗೆ ಕಾಗದ ಕೊಟ್ಟು ಮಡಚಿಸುವುದು ಲೇಸು. ಎಲ್ಲಿ ಯಂತ್ರವನ್ನು ಹಚ್ಚಬೇಕು, ಎಲ್ಲಿ ಆರಿಸಬೇಕು ಎಂಬ ಈ ವಿವೇಕವೇ ವೃತ್ತಿಕಲಿಕೆಯ ತಿರುಳು. ಅದು ಮಾಡಿ, ತಪ್ಪಿ, ತಿದ್ದಿ ಬರತಕ್ಕದ್ದು.

ತಪ್ಪುವುದಕ್ಕೆ ಧೈರ್ಯವೂ ಬೇಕು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಹಿರಿಯ ಶಿಕ್ಷಕರಿಗೆ ‘ನನಗಿದು ಬಾರದು’ ಎಂದು ಕಿರಿಯರ ಮುಂದೆ ಹೇಳುವುದು ಸಂಕೋಚದ ಮಾತು. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆಯು ಇನ್ನೊಬ್ಬರ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡಾಗ ಅವರು ತಮ್ಮ ಅಜ್ಞಾನವನ್ನೇ ಹಳಿದುಕೊಳ್ಳುತ್ತಾರೆ. ಅದನ್ನು ಯುನಿಕೋಡಿಗೆ ಪರಿವರ್ತಿಸುವ ಬಗೆಯನ್ನು ಪಕ್ಕದ ಕೊಠಡಿಯ ಶಿಕ್ಷಕಿ ಹತ್ತು ನಿಮಿಷದಲ್ಲಿ ತೋರಿಸಬಲ್ಲರು. ಇಬ್ಬರೂ ಕೂಡಿ ಕುಳಿತುಕೊಳ್ಳುವ ಆ ಹತ್ತು ನಿಮಿಷ ಮಾತ್ರ ವೇಳಾಪಟ್ಟಿಯಲ್ಲಿಲ್ಲ. ಓದಿನ ಪಾಠವನ್ನು ಹೇಗೆ ಕಟ್ಟಬೇಕೆಂಬುದನ್ನು ಆ ಶಿಕ್ಷಕಿಯೂ ಹಿರಿಯರಿಂದ ಕಲಿಯಬೇಕಾಗಿದೆ ಎಂಬುದನ್ನು ಮರೆಯಲಾಗದು.

ಕೂಡಿ ಕಲಿತದ್ದರ ಫಲವನ್ನು ಕನ್ನಡ ನಾಡು ಕಂಡಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಚಿಗುರಿದಾಗ, ಅಲ್ಲಿಯ ಪ್ರಾಥಮಿಕ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ ಅಲ್ಲಿಯ ಕಲಿಕೆಯ ಕ್ರಮವನ್ನು ಕಣ್ಣಾರೆ ಕಂಡು ಬಂದರು. ಬಳಿಕ ತಮ್ಮ ಮಕ್ಕಳಿಗೆ ತಕ್ಕ ಕಲಿಕಾ ಕಾರ್ಡುಗಳನ್ನು ತಾವೇ ರಚಿಸಿದರು. ಅವು ಕೇವಲ ರಟ್ಟಿನ ಕಾರ್ಡುಗಳು. ಆದರೂ ಆ ಕ್ರಮ ಮುಂದೆ ರಾಜ್ಯದಾದ್ಯಂತ ಹಬ್ಬಿತು. ಸಾಮಗ್ರಿಯನ್ನು ಯಾರೋ ಕಳಿಸಿಕೊಟ್ಟದ್ದಾಗಿರದೆ ಶಿಕ್ಷಕರು ತಾವೇ ದುಡಿದು ಗಳಿಸಿದ್ದಾಗಿತ್ತೆಂಬುದೇ ಅದರ ಬಲ.

ಮಠದ ಶಾಲೆಗಳಿಗೆ ಈ ಮಾರ್ಗ ಪರಕೀಯವಲ್ಲ. ಅರಿವನ್ನು ಕೂಡಿ ಕುಳಿತು ಸಂವಾದದಿಂದ ಪಡೆಯಬೇಕೆಂಬುದಕ್ಕೆ ಅನುಭವ ಮಂಟಪಕ್ಕಿಂತ ಮೇಲಾದ ಆದರ್ಶ ಬೇರೊಂದಿಲ್ಲ. ತಿಂಗಳಿಗೆ ಎರಡು ಶನಿವಾರ ತಲಾ ಎರಡು ಗಂಟೆಗಳನ್ನು ಶಿಕ್ಷಕರ ಸಹಕಲಿಕೆಗೆ ಮೀಸಲಿಟ್ಟರೆ, ಹತ್ತು ತಿಂಗಳಲ್ಲಿ 40 ಗಂಟೆಗಳಾಗುತ್ತವೆ. ಅದನ್ನು ಕರ್ತವ್ಯದ ವೇಳೆಯೆಂದೇ ಪರಿಗಣಿಸಬೇಕು. ಜಾತ್ರೆಯ ಸಿದ್ಧತೆ, ಸಮಾರಂಭದ ಓಡಾಟಗಳನ್ನು ಆ ವೇಳೆಗೆ ಹಚ್ಚಬಾರದು. ಒಬ್ಬರು ಮಾಡಿದ ಒಂದು ಪಾಠವನ್ನು ಉಳಿದವರು ನೋಡಲಿ, ಪ್ರಶ್ನಿಸಲಿ. ಮಕ್ಕಳ ಧ್ವನಿ, ಚಿತ್ರಗಳು ಶಾಲೆಯಿಂದ ಹೊರಗೆ ಹೋಗದಂತೆ ಕಾಯುವುದನ್ನೂ ಅಲ್ಲಿಯೇ ಕಲಿಯಲಿ.

ಇದರಿಂದ ಪಾಠದ ವೇಳೆ ನಷ್ಟವಾಗುವುದೆಂದು ಪಾಲಕರು ಆಕ್ಷೇಪಿಸಬಹುದು. ಆದರೆ ಹರಿತವಿಲ್ಲದ ಕುಡುಗೋಲಿನಿಂದ ದಿನವಿಡೀ ಕೊಯ್ಯುವುದಕ್ಕಿಂತ ಗಳಿಗೆ ಹೊತ್ತು ಅದನ್ನು ಮಸೆಯುವುದು ನಷ್ಟವಲ್ಲವೆಂಬುದನ್ನು ಒಕ್ಕಲಿನ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ.

ದಾನಿಗಳಲ್ಲಿ ಅರಿಕೆ ಇಷ್ಟೇ. ಯಂತ್ರಕ್ಕೆಂದು ಕೊಡುವ ಹಣದ ಒಂದು ಪಾಲು ಅದರ ದುರಸ್ತಿಗೂ, ಇನ್ನೊಂದು ಪಾಲು ಶಿಕ್ಷಕರ ಕಲಿಕೆಗೂ ದತ್ತಿಯಾಗಿ ನಿಲ್ಲಲಿ. ಗೋಡೆಯ ಮೇಲಿನ ಯಂತ್ರಕ್ಕೆ ದಾನಿಯ ಹೆಸರಿನ ಫಲಕ ಹಚ್ಚಬಹುದು. ಉಪಾಧ್ಯಾಯರಿಗೆ ಕೊಟ್ಟ ವೇಳೆಗೆ ಫಲಕ ಹಚ್ಚಲು ಬಾರದು. ಕೊಟ್ಟೆನೆಂಬ ಭಾವವಿಲ್ಲದೆ ಕೊಡುವುದೇ ದಾಸೋಹವಾದರೆ, ಹೆಸರಿಲ್ಲದ ಈ ದಾನವೇ ಅದಕ್ಕೆ ಹೆಚ್ಚು ಹತ್ತಿರವಾದುದು.